ಒಂಬತ್ತು ನಿಮಿಷದ ಊಟ

ಹೋಟೆಲಿನಲ್ಲಿ ಹೆಂಡತಿ ಇನ್ನೂ ಬ್ರೆಡ್ಡಿನ ಮೊದಲ ತುಂಡಿಗೆ ಬೆಣ್ಣೆ ಸವರುತ್ತಿದ್ದಳು. ಅವಳ ಗಂಡ, ಬಸ್ ಡ್ರೈವರ್, ಆಗಲೇ ಕೈ ತೊಳೆದುಕೊಂಡು ಬಂದು ಅವಳ ಕುರ್ಚಿಯ ಹಿಂದೆ ನಿಂತಿದ್ದ. ಅವನ ತಟ್ಟೆಯಲ್ಲಿ ಎರಡು ಮೊಟ್ಟೆಯ ಆಮ್ಲೆಟ್ ಇತ್ತೆಂದು ಸಾಕ್ಷಿ ಹೇಳುವುದಕ್ಕೆ ಒಂದು ಈರುಳ್ಳಿ ಚೂರೂ ಉಳಿದಿರಲಿಲ್ಲ. ಮಗಳು ಗಡಿಯಾರ ನೋಡಿ ನಕ್ಕಳು. ಹೆಂಡತಿ ನಗಲಿಲ್ಲ.

"ಬೆಳಿಗ್ಗೆ ನಾನು ಏನು ಹೇಳಿದ್ದೆ ನಿಮಗೆ?" ಎಂದಳು.

ಅವಳು ಹೇಳಿದ್ದು ದೊಡ್ಡ ಮಾತೇನಲ್ಲ. ಬಸುರಿ ಮಗಳಿಗೆ ಆರು ತಿಂಗಳು ತುಂಬಿತ್ತು. ನಾಳೆ ತಾನು ಅವಳ ಜೊತೆ ಅವಳೂರಿಗೆ ಹೊರಟರೆ ಹೆರಿಗೆ, ಬಾಣಂತನ ಎಲ್ಲ ಮುಗಿಸಿ ಬರುವುದಕ್ಕೆ ಏನಿಲ್ಲವೆಂದರೂ ಎಂಟು ತಿಂಗಳು ಬೇಕು. ಹೊರಡುವ ಮುಂಚೆ ಒಂದೇ ಒಂದು ಸಲ ಗಂಡ ತನ್ನ ಜೊತೆ ಉಣ್ಣುವುದಕ್ಕೆ ಕೂತು ತನ್ನ ಜೊತೆಯಲ್ಲೇ ಏಳಬೇಕು, ಅಷ್ಟೇ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅದು ಆಗಿರಲಿಲ್ಲ. ಡ್ರೈವರ್ ಬೂಟಿನ ದಾರ ಕಟ್ಟಿಕೊಳ್ಳುತ್ತಾ "ಅದೇನು ಮಹಾ" ಎಂದಿದ್ದ.

ಮಹಾ ಅನ್ನುವುದು ಈಗ ಗೊತ್ತಾಗುತ್ತಿತ್ತು. ಪಾಪ, ಅವನನ್ನೂ ಪೂರ್ತಿ ಬೈಯುವ ಹಾಗಿಲ್ಲ. ನಗರದ ಈ ತುದಿಯಿಂದ ಆ ತುದಿಗೆ ಹೋಗುವ ನಾಲ್ಕನೇ ನಂಬರ್ ಬಸ್ಸನ್ನು ಅವನು ಅಷ್ಟು ವರ್ಷವೂ ಓಡಿಸಿದ್ದ. ಕೊನೆಯ ನಿಲ್ದಾಣದಲ್ಲಿ ಬಿಡುವು ಒಂಬತ್ತು ನಿಮಿಷ. ಶೌಚಕ್ಕೆ, ಸಹಿ ಹಾಕುವುದಕ್ಕೆ ಹೋದದ್ದು ಕಳೆದು ಮಿಕ್ಕಿದ್ದು ಊಟಕ್ಕೆ. ಅನ್ನಕ್ಕೆ ನಾಲಿಗೆಯ ಪರಿಚಯವಾಗುವ ಮುಂಚೆಯೇ ಅದು ಗಂಟಲು ದಾಟಿರುತ್ತಿತ್ತು. ಡಿಪೋದಲ್ಲಿ ಅವನನ್ನು 'ಒಂಬತ್ತು ನಿಮಿಷ' ಎಂದೇ ಕರೆಯುತ್ತಿದ್ದರು. ನಿವೃತ್ತಿಯಾಗಿ ಹತ್ತು ದಿನವಾಗಿತ್ತು, ಆದರೆ ಆ ಸುದ್ದಿ ಇನ್ನೂ ಅವನ ಕೈಬಾಯಿಗೆ ಮುಟ್ಟಿರಲಿಲ್ಲ.

ಬೈಸಿಕೊಳ್ಳುತ್ತಲೇ ಅವನು ಬಗ್ಗಿ, ಹೆಂಡತಿಯ ತಟ್ಟೆಯ ಅಂಚಿನಲ್ಲಿದ್ದ ಹುರಿದ ಟೊಮೆಟೊ ಎತ್ತಿ ಬಾಯಿಗೆ ಹಾಕಿಕೊಂಡ. ಅದೂ ಹಳೆಯ ರೂಢಿ. ಅವಳು ಉಣ್ಣಲು ಕೂತ ಕೂಡಲೇ ಏನಾದರೊಂದನ್ನು ಅಂಚಿಗೆ ಸರಿಸುತ್ತಾಳೆ. ಬೇಡದ್ದು ಹಾಳಾಗಬಾರದೆಂದು ಇವನು ಏಳುವಾಗ ಅದನ್ನು ತೆಗೆದುಕೊಳ್ಳುತ್ತಾನೆ. ಹೆಂಡತಿಯ ತಟ್ಟೆಯಲ್ಲಿ ಒಂದಗುಳೂ ದಂಡವಾಗದಂತೆ ನೋಡಿಕೊಂಡವನು ತಾನು ಎಂಬ ಸಣ್ಣ ಹೆಮ್ಮೆಯೂ ಅವನಿಗಿತ್ತು.

ಆ ದಿನ ಮಗಳದು. ಬಸುರಿಗೆ ಚಿಕ್ಕಂದಿನಲ್ಲಿ ತಿಂದದ್ದೆಲ್ಲ ಮತ್ತೆ ತಿನ್ನುವ ಬಯಕೆಯಾಗಿ, ಅಂಗಡಿಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಅವೆಲ್ಲ ಅಪ್ಪನ ಬಸ್ಸಿನ ದಾರಿಯಲ್ಲೇ ಇದ್ದವು. ತಿಂಡಿ ಮುಗಿಸಿ ಮೂವರೂ ನಾಲ್ಕನೇ ನಂಬರ್ ಹತ್ತಿದರು. ಅಪ್ಪ ಹೊಸ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ತಿರುವು ಬಂದಾಗಲೆಲ್ಲ ತಾನೇ ಬಲಗಾಲು ಒತ್ತಿ ಬ್ರೇಕ್ ಹಾಕುತ್ತಿದ್ದ. ಯಾವ ಅಂಗಡಿಯಲ್ಲಿ ಎಷ್ಟು ಹೊತ್ತಿಗೆ ಬ್ರೆಡ್ ಬೇಯುವ ವಾಸನೆ ಬರುತ್ತದೆ, ಯಾವ ಅಡುಗೆಯವನು ಬಾಗಿಲಲ್ಲಿ ನಿಂತು ಬೀಡಿ ಸೇದುತ್ತಾನೆ, ಎಲ್ಲ ಅವನಿಗೆ ಬಾಯಿಪಾಠ. ಆ ದಿನದವರೆಗೆ ಒಳಗೆ ಕಾಲಿಟ್ಟಿದ್ದು ಮಾತ್ರ ಒಂದಕ್ಕೂ ಇಲ್ಲ.

ಸೇತುವೆಯ ಹತ್ತಿರ ಐಸ್‌ಕ್ರೀಮ್ ತಿಂದರು. ಐಸ್‌ಕ್ರೀಮನ್ನು ಯಾರೂ ನುಂಗಲಾರರು, ಇಲ್ಲಿ ಮಾತು ಉಳಿಸಿಕೊಳ್ಳುತ್ತೇನೆ ಎಂದು ಡ್ರೈವರ್ ಧೈರ್ಯ ಹೇಳಿದ. ಕಿಟಕಿಯಾಚೆ ಒಂದು ಬಸ್ಸು ಹಾರ್ನ್ ಹೊಡೆಯಿತು. ಅಷ್ಟೇ, ಬಟ್ಟಲು ಖಾಲಿ. ಹಣೆ ಸಿಡಿದು ಕಣ್ಣಲ್ಲಿ ನೀರು ಬಂದು ಅವನು ಮೇಜು ಹಿಡಿದುಕೊಂಡ. ಹೆಂಡತಿ ಕರವಸ್ತ್ರ ಕೊಟ್ಟಳು. ಅವಳು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಮಧ್ಯಾಹ್ನ ಮಾರುಕಟ್ಟೆಯ ಹಿಂದಿನ ಮೀನಿನ ಹೋಟೆಲಿನಲ್ಲಿ ಮಗಳು ಉಪಾಯ ಹೂಡಿ ಅಪ್ಪನ ಮುಂದೆ ಎರಡು ತಟ್ಟೆ ಇಡಿಸಿದಳು. ಅವನು ಎರಡನ್ನೂ ಮುಗಿಸಿದ. ಹೊಟ್ಟೆ ಬಿರಿಯುತ್ತಿದ್ದರೂ ಕಾಲು ತಾನಾಗಿ ಎದ್ದಿತು. ಜಾಗಕ್ಕಾಗಿ ಕಾಯುತ್ತಿದ್ದವರು ಅವನು ಎದ್ದದ್ದೇ ತಡ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಆ ನೂಕುನುಗ್ಗಲಿನಲ್ಲಿ ಹೆಂಡತಿಯ ತಟ್ಟೆಯ ಅಂಚಿಗೆ ಕೈ ಹಾಕುವುದು ಆಗಲಿಲ್ಲ. ಹೊರಗೆ ಬಂದು ಜೇಬು ತಡವಿದಾಗ ಕನ್ನಡಕ ಮೇಜಿನ ಮೇಲೆ ಉಳಿದದ್ದು ನೆನಪಾಗಿ ಮತ್ತೆ ಒಳಗೆ ಹೋದ.

ಕಂಬದ ಪಕ್ಕದಿಂದ ಅವನಿಗೆ ಹೆಂಡತಿ ಕಂಡಳು. ತಟ್ಟೆಯಲ್ಲಿ ಎಲ್ಲ ಮುಗಿದಿತ್ತು. ಅಂಚಿನಲ್ಲಿ ಒಂದು ತುಂಡು ಮೀನು ಉಳಿದಿತ್ತು, ಕೆಂಪಗೆ ಹುರಿದು ಗರಿಗರಿಯಾದ ಬಾಲದ ಕಡೆಯದು. ಅವಳು ಬೆರಳು ಒರೆಸಿಕೊಂಡು, ಕುರ್ಚಿಯನ್ನು ಸರಿಮಾಡಿಕೊಂಡು, ಅದನ್ನು ಸಣ್ಣದಾಗಿ ಮುರಿದು ಬಾಯಿಗಿಟ್ಟುಕೊಂಡಳು. ಕಣ್ಣುಗಳು ಅರ್ಧ ಮುಚ್ಚಿದವು. ಹೆಂಡತಿಯ ಮುಖದಲ್ಲಿ ಅಂಥ ಸುಖವನ್ನು ಅವನು ಮಗಳು ಹುಟ್ಟಿದ ದಿನ ಒಮ್ಮೆ ನೋಡಿದ್ದ.

ಮಗಳು ಕೈ ತೊಳೆಯಲು ಬಂದಾಗ ಅವನು ಅವಳಿಗಾಗಿ ನಲ್ಲಿ ತಿರುಗಿಸುತ್ತಾ ಮೆಲ್ಲಗೆ ಕೇಳಿದ. "ಅಂಚಿಗೆ ಇಡೋದು ಅವಳಿಗೆ ಬೇಡದ್ದು ಅಲ್ವಾ?"

"ಬೇಡದ್ದಾ? ಅಮ್ಮ ಎಲ್ಲಕ್ಕಿಂತ ಇಷ್ಟವಾದದ್ದನ್ನ ಕೊನೆಗೆ ಅಂತ ಎತ್ತಿಟ್ಕೊಳ್ಳೋದು. ನೀನು ಗೊತ್ತಿದ್ದೇ ತಗೋತೀಯ ಅಂದ್ಕೊಂಡಿದ್ದೆ. ಚಿಕ್ಕೋಳಿದ್ದಾಗ ನಿನ್ನ ಮೇಲೆ ಎಷ್ಟು ಸಿಟ್ಟು ಬರ್ತಿತ್ತು ಗೊತ್ತಾ, ಅಪ್ಪಾ."

ಅವನಿಗೆ ನಲ್ಲಿ ನಿಲ್ಲಿಸುವುದೂ ಮರೆತುಹೋಯಿತು. ಮೊಟ್ಟೆಯ ಹಳದಿ, ಪಾತ್ರೆಯ ತಳದ ಗರಿಯಾದ ಅನ್ನ, ಹಣ್ಣಿನ ನಡುವಿನ ಸಿಹಿ ಹೋಳು, ಒಂದೊಂದೂ ಕಣ್ಣ ಮುಂದೆ ಬಂತು. ಮೂವತ್ತೊಂದು ವರ್ಷ ಅವಳ ತಟ್ಟೆಯ ಒಳ್ಳೆಯದನ್ನೆಲ್ಲ ನಿಂತುಕೊಂಡೇ ತಿಂದಿದ್ದ. ತಿಂದವನಿಗೆ ರುಚಿಯಾದರೂ ಗೊತ್ತಾಯಿತೇ ಅಂದರೆ ಅದೂ ಇಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆಮೇಲೆ ಬಸ್ಸಿನಲ್ಲಿ ಅವನು ಹಿಂದಿನ ಸಾಲಿಗೆ ಹೋಗಿ ಹೆಂಡತಿಯ ಪಕ್ಕ ಕೂತ. ಒಂದು ತಿರುವಿನಲ್ಲೂ ಬ್ರೇಕ್ ಹಾಕಲಿಲ್ಲ.

ಚೀಟಿಯಲ್ಲಿ ಕೊನೆಗೆ ಉಳಿದದ್ದು ಕೊನೆಯ ನಿಲ್ದಾಣದ ಎದುರಿನ ಬೇಕರಿ. ಸಂಜೆ ಐದಾಗಿತ್ತು. ಹೊರಗಿನ ಬೆಂಚಿನಲ್ಲಿ ಮೂವರಿಗೂ ಕೇಕು, ಚಹಾ ಬಂತು. ಹೆಂಡತಿ ತನ್ನ ಕೇಕಿನ ಮೇಲಿನ ಸಕ್ಕರೆಯ ಪದರವನ್ನು ಬಿಡಿಸಿ ಅಂಚಿಗಿಟ್ಟಳು. ಡ್ರೈವರ್ ಎಡಗೈಯಲ್ಲಿ ತಿನ್ನಲು ನೋಡಿದ, ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡ. ಹುಟ್ಟುಗುಣ ಸುಟ್ಟರೂ ಹೋಗದು. ಹಾಗಿದ್ದೂ ಅವನದೇ ಮೊದಲು ಮುಗಿಯಿತು. ಆದರೆ ಏಳಲಿಲ್ಲ. ಬೆಂಚಿನ ಅಂಚನ್ನು ಹಿಡಿದು ಕೂತ.

"ಯಾಕೆ ಹೇಳಲಿಲ್ಲ ನೀನು?" ಎಂದ. ಹೆಂಡತಿಗೆ ಏನೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಮಗಳ ಮುಖ ನೋಡಿದಳು, ಮಗಳು ರಸ್ತೆಯ ಕಡೆ ತಿರುಗಿದಳು.

"ಹೇಳಿದ್ರೆ ನೀವು ತಗೊಳ್ಳೋದು ಬಿಟ್ಟುಬಿಡ್ತಿದ್ರಿ," ಎಂದಳು ಹೆಂಡತಿ. "ಅದೊಂದಕ್ಕೆ ನನ್ನ ಹತ್ರ ಬಂದು ಬಗ್ತಿದ್ರಿ. ಇಲ್ಲಾಂದ್ರೆ ತಟ್ಟೆ ಬಿಟ್ಟೋರು ಸೀದಾ ಬಾಗಿಲಿಗೇ."

ಡ್ರೈವರ್ ತನ್ನ ಅಮ್ಮ ಸತ್ತಾಗಲೂ ಎರಡನೇ ಪಾಳಿಗೆ ಹೋಗಿದ್ದವನು. ಈಗ ಬೇಕರಿಯ ಬೆಂಚಿನ ಮೇಲೆ ಎಲ್ಲರೂ ನೋಡುವಂತೆ ಮೂಗು ಒರೆಸಿಕೊಂಡ.

ಅಷ್ಟರಲ್ಲಿ ಮನೆಗೆ ಹೋಗುವ ನಾಲ್ಕನೇ ನಂಬರ್ ಬಂದು ಎದುರಿಗೆ ನಿಂತಿತು. ಮಗಳು ಚೀಲ ಎತ್ತಿಕೊಂಡಳು. ಹೆಂಡತಿ ಗಡಿಬಿಡಿಯಿಂದ ತಟ್ಟೆಯನ್ನು ಅವನ ಕಡೆ ತಳ್ಳಿ, "ತಗೊಳ್ಳಿ ರೀ, ಬಸ್ ಬಂತು, ನೀವೇ ಮುಗಿಸಿಬಿಡಿ," ಎಂದಳು. ಬಸ್ಸಿನಲ್ಲಿದ್ದವನು ಹಳೆಯ ಜೊತೆಗಾರ. ಗುರುತು ಹಿಡಿದು ಎರಡು ಸಲ ಹಾರ್ನ್ ಹೊಡೆದು, ಬಾಗಿಲು ತೆರೆದು ಕಾಯುತ್ತಿದ್ದ. ಡ್ರೈವರನ ಕಾಲು ನೆಲ ಒತ್ತಿತು. ಮಂಡಿ ಅರ್ಧ ಎದ್ದಿತು.

ಅವನು ಮತ್ತೆ ಕೂತ. ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿ, ಬಸ್ಸಿನ ಕಡೆ ಕೈ ಎತ್ತಿ ಹೋಗು ಹೋಗು ಎಂದು ಬೀಸಿದ.

"ನೀನು ನಿಧಾನಕ್ಕೆ ತಿನ್ನು," ಎಂದ. "ಇನ್ನೊಂದು ಬಸ್ ಬರುತ್ತೆ."

ಬಸ್ಸು ಬಾಗಿಲು ಮುಚ್ಚಿಕೊಂಡು ಹೊರಟಿತು. ಮಗಳು ಚೀಲವನ್ನು ಮತ್ತೆ ಕೆಳಗಿಟ್ಟಳು. ಹೆಂಡತಿ ಸಕ್ಕರೆಯ ಪದರದ ಒಂದು ಮೂಲೆ ಮುರಿದು ಬಾಯಿಗಿಟ್ಟುಕೊಂಡಳು. ಚಹಾವನ್ನು ಅವಳಿನ್ನೂ ಮುಟ್ಟಿರಲಿಲ್ಲ.