ಕ್ಲಾರಿ ಹೋರಿ ಮಾರಿದ ವಾರ

ಕ್ಲಾರಿ ಡನ್‌ಸ್ಟನ್ ಹೋರಿ ಮಾರಿದನೆಂದರೆ ಮುಂದಿನ ವಾರ ದರ ಏರಿತೆಂದೇ ಲೆಕ್ಕ. ರೋಮಾ ಪಟ್ಟಣದ ಸುತ್ತಿನ ದನಗಾರರಿಗೆಲ್ಲ ಇದು ಬಾಯಿಪಾಠ. ಮಳೆಯ ಹಿಂದಿನ ದಿನ ಅಗ್ಗಕ್ಕೆ ಮಾರುವುದು, ಹುಲ್ಲು ಚಿಗುರಿ ಎಲ್ಲರೂ ಮುಗಿಬಿದ್ದಾಗ ತುಟ್ಟಿಗೆ ಕೊಳ್ಳುವುದು. ಈ ವಿದ್ಯೆಯನ್ನು ಪುಣ್ಯಾತ್ಮ ಎಲ್ಲಿ ಕಲಿತನೋ! ಅವನಿಗಿದ್ದ ಆಸೆ ಒಂದೇ. ಸಂತೆಯ ದಿನ ರೇಡಿಯೋದಲ್ಲಿ ಅತಿ ಹೆಚ್ಚು ದರ ಪಡೆದವರ ಹೆಸರು ಓದುತ್ತಾರಲ್ಲ, ಅಲ್ಲಿ ಒಮ್ಮೆಯಾದರೂ ತನ್ನ ಹೆಸರು ಬರಬೇಕು. ಪಕ್ಕದ ಜಮೀನಿನ ಮರ್ವಿನ್ ಟುಹಿಗ್‌ನ ಹೆಸರು ಕೇಳಿ ಕೇಳಿ ಹೊಟ್ಟೆ ಉರಿದುಹೋಗಿತ್ತು.

ಆ ಸೋಮವಾರ ಕ್ಲಾರಿಯ ಲಾರಿ ಹೋರಿ ತುಂಬಿಕೊಂಡು ರಸ್ತೆಗಿಳಿದಾಗ ಮರ್ವಿನ್ ಬೇಲಿಯಾಚೆಯಿಂದ ಕೂಗಿದ.

"ಹೊರಟ್ಯೇನೋ ಕ್ಲಾರಿ? ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ ಮಾರಾಯ! ನನ್ನ ಹೋರಿ ಮುಂದಿನ ವಾರಕ್ಕೇ ಇಟ್ಕೋತೀನಿ."

"ನಗು, ನಗು. ಬಾಯೊಳಗೆ ನೊಣ ಹೋದೀತು!"

ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಕ್ಲಾರಿ ಮಾರುತ್ತಾನಂತೆ ಎಂದು ಎಲ್ಲರೂ ತಮ್ಮ ದನಗಳನ್ನು ಮನೆಯಲ್ಲೇ ಉಳಿಸಿಕೊಂಡರು. ಮರುದಿನ ಸಂತೆಯ ದೊಡ್ಡಿಗಳು ಭಣಭಣ. ಮಾಂಸದ ಕಾರ್ಖಾನೆಗಳ ಖರೀದಿದಾರರು ಬರಿಗೈಯಲ್ಲಿ ಹಿಂದಿರುಗಲಾರದೆ ಕ್ಲಾರಿಯ ಹೋರಿಗಳಿಗೇ ಜಿದ್ದಿಗೆ ಬಿದ್ದರು. ಹರಾಜು ಕೂಗುವವನ ಗಂಟಲು ಕಟ್ಟಿಹೋಯಿತು. ರೇಡಿಯೋದಲ್ಲಿ ತನ್ನ ಹೆಸರು ಬಂದಾಗ ಕ್ಲಾರಿ ಲಾರಿ ನಿಲ್ಲಿಸಿಕೊಂಡು ಅತ್ತ. ನಾಚಿಕೆಯೇನೂ ಪಡಲಿಲ್ಲ, ನೋಡುವವರು ಯಾರೂ ಇರಲಿಲ್ಲ.

"ಹೇಗಿದೆ ನನ್ನ ಲೆಕ್ಕಾಚಾರ?" ಎಂದು ಬೀಗುತ್ತ ಮನೆಗೆ ಬಂದ.

"ಯಾವ ಲೆಕ್ಕಾಚಾರ, ಮಣ್ಣಾಂಗಟ್ಟಿ!" ಎಂದಳು ಹೆಂಡತಿ ನೋಲಾ. "ನೀನು ಹೊರಟೆ ಅಂತ ಅವ್ರು ಯಾರೂ ಬರ್ಲಿಲ್ಲ. ಸಂತೇಲಿ ದನಾನೇ ಇರ್ಲಿಲ್ಲ, ಅದಕ್ಕೇ ದರ ಬಂತು. ಇನ್ಮೇಲೆ ಎಲ್ರೂ ನಿನ್ನ ಬಾಲ ಹಿಡ್ಕೊಂಡು ಬರ್ತಾರೆ ನೋಡು. ಉಳಿದ ಹೋರಿ ಯಾವಾಗ ಕಳಿಸ್ತೀವಿ ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡ."

"ಇಲ್ವೇ, ಬಿಡಲ್ಲ."

ಫೋನು ಹೊಡೆದುಕೊಂಡಿತು. ಮರ್ವಿನ್.

"ಕ್ಲಾರಿ, ನಿನ್ನನ್ನೇ ಒಂದು ಮಾತು ಕೇಳೋಣ ಅಂತ. ನನ್ನ ಹೋರಿ ಯಾವಾಗ ಕಳಿಸಿದ್ರೆ ಒಳ್ಳೇದು?"

ಆ ದನಿಯಲ್ಲಿ ನಗುವಿನ ಸುಳಿವೂ ಇರಲಿಲ್ಲ. ನೋಲಾ ಬೇಡವೆಂದು ಕೈಯಾಡಿಸಿದಳು, ಕಣ್ಣು ಕೆಕ್ಕರಿಸಿದಳು, ಕೊನೆಗೆ ಪಾತ್ರೆ ಒರೆಸುವ ಬಟ್ಟೆಯನ್ನೇ ಎತ್ತಿ ಎಸೆದಳು. ಕ್ಲಾರಿ ತಲೆಯ ಮೇಲಿನ ಟೋಪಿ ತೆಗೆದ.

"ಬರೋ ಮಂಗಳವಾರ ಕಳಿಸು ಮರ್ವಿನ್. ನಾನೂ ಉಳಿದಿದ್ದನ್ನೆಲ್ಲ ಅವತ್ತೇ ಮಾರ್ತೀನಿ."

ಅವನು ಫೋನಿಡುತ್ತಲೇ ನೋಲಾ ಮೈಮೇಲೆ ಬಂದವಳಂತೆ ಎಗರಿದಳು. "ತಲೆ ಕೆಟ್ಟಿದ್ಯಾ ನಿಂಗೆ? ಇಡೀ ಸೀಮೆ ದನ ಅಲ್ಲಿ ಬಂದು ಬೀಳತ್ತೆ. ದರ ನೆಲ ಕಚ್ಚತ್ತೆ!"

"ಗೊತ್ತು ಕಣೇ."

"ಗೊತ್ತಿದ್ದೂ ಹೇಳ್ದ್ಯಾ?"

"ಇಷ್ಟು ವರ್ಷದಲ್ಲಿ ದನದ ವಿಷ್ಯಕ್ಕೆ ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ, ನೋಲಾ?"

ಅವಳು ತಾನು ಎಸೆದ ಬಟ್ಟೆಯನ್ನು ಬಗ್ಗಿ ಎತ್ತಿಕೊಂಡಳು. ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ನೋಲಾ ತಾನೇ ಎತ್ತಿ, "ಇದ್ದಾರೆ, ಅವ್ರನ್ನೇ ಕೇಳಿ" ಎಂದು ಗಂಡನ ಕೈಗೆ ಕೊಟ್ಟಳು.