ಎದೆನೋವಿಲ್ಲದ ಕರೆ

ಬೆಳಿಗ್ಗೆ ಎಂಟಾಯಿತೋ ಇಲ್ಲವೋ, ಕ್ಲಿನಿಕ್ಕಿನ ಮೂರೂ ಫೋನ್ ಲೈನುಗಳು ಒಟ್ಟಿಗೆ ಬಾಯಿ ಬಿಡುತ್ತಿದ್ದವು. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟರಲ್ಲಿ ಆ ದಿನದ ಸಮಯವೆಲ್ಲ ಹಂಚಿಹೋಗಿರುತ್ತಿತ್ತು. ಆಮೇಲೆ ಲೈನ್ ಸಿಕ್ಕವರಿಗೆ ನಾಳೆ, ನಾಡಿದ್ದು, ಇಲ್ಲವೇ ಬರೀ ಸಮಾಧಾನದ ಮಾತು. ಕಾದು ಕಾದು ರೋಗಿಗಳು ರೇಗಿಗಳಾಗುತ್ತಿದ್ದರು. ಆ ರೇಗಾಟವೆಲ್ಲ ಬಂದು ಬೀಳುತ್ತಿದ್ದದ್ದು ಗಿಳಿಯ ಕಿವಿಗೆ.

ಗಿಳಿ ಎಂದರೆ ಅಲ್ಲಿನ ಸ್ವಾಗತಕಾರಿಣಿ. ಒಮ್ಮೆ ಕೇಳಿದ ದನಿಯನ್ನು ಇದ್ದ ಹಾಗೇ ಆಡಿ ತೋರಿಸಿಬಿಡುತ್ತಾಳೆಂದು ನರ್ಸಕ್ಕ ಇಟ್ಟ ಹೆಸರು ಅದು. "ಸ್ವಾಗತ ಅನ್ನೋದೆಲ್ಲ ಮೇಜಿನ ಮೇಲಿನ ಫಲಕಕ್ಕೆ ಅಕ್ಕ. ನಾನು ಮಾಡೋದು 'ಸಾಗು ಅತ್ತ' ಅನ್ನೋ ಕೆಲಸ" ಎಂದು ಅವಳೇ ನಗುತ್ತಿದ್ದಳು. ಆ ಬಡಾವಣೆಗೆಲ್ಲ ಇದ್ದ ವೈದ್ಯರು ಒಬ್ಬರೇ, ಡಾಕ್ಟರಮ್ಮ. ಮೊದಲೆಲ್ಲ ಬಾಗಿಲು ತೆರೆಯುವ ಮುಂಚೆಯೇ ಜನ ಮೆಟ್ಟಿಲ ತುಂಬ ನಿಂತು, ಮೊಣಕೈ ಗಟ್ಟಿಯಿದ್ದವರು ಮೊದಲು ಒಳಗೆ ನುಗ್ಗುತ್ತಿದ್ದರು. ನಿಜವಾಗಿ ಕಾಯಿಲೆಯಾದವರು ಹಿಂದೆಯೇ ಉಳಿಯುತ್ತಿದ್ದರು. ಅದನ್ನು ತಪ್ಪಿಸಬೇಕೆಂದು ಗಿಳಿಯೇ ತಲೆ ಓಡಿಸಿ ಬಾಗಿಲಿಗೆ ಬೋರ್ಡು ಹಾಕಿಸಿದ್ದಳು: 'ಇಲ್ಲಿ ಸಮಯ ಕೊಡುವುದಿಲ್ಲ. ಫೋನ್ ಮಾಡಿ.' ಫೋನಿನಲ್ಲಿ ತುರ್ತು ಎಂದವರಿಗೆ ಮಾತ್ರ ಆಗಲೇ ಬರಲು ಅವಕಾಶ. ಡಾಕ್ಟರಮ್ಮ ಮೆಚ್ಚಿ ಬೆನ್ನು ತಟ್ಟಿದ್ದರು.

ಈ ತುರ್ತಿನ ಮರ್ಮವನ್ನು ಎಲ್ಲರಿಗಿಂತ ಮೊದಲು ಹಿಡಿದವರು ಕಂಡಕ್ಟರ್ ಮಾವ. ಬಸ್ಸಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಅವರು ನಿವೃತ್ತರಾದರೂ ಅದು ಆಗಿರಲಿಲ್ಲ. "ತಾಯೀ, ಎದೆನೋವು! ಹೋಲ್ಡಾನ್! ಮುಂದಿನ ಸೀಟು ನಂಗೇ!" ಕಾಲುಗುರು ಒಳಕ್ಕೆ ಬೆಳೆದರೂ ಎದೆನೋವು, ಕಿವಿಯಲ್ಲಿ ಗುಗ್ಗೆ ಕಟ್ಟಿದರೂ ಎದೆನೋವು. ಡಾಕ್ಟರಮ್ಮ ಗಾಬರಿಯಿಂದ ಪರೀಕ್ಷೆ ಮಾಡಿದರೆ, "ಎದೆ ಈಗ ಸರಿಹೋಯ್ತು ಬಿಡಿ. ಬಂದಿದ್ದಕ್ಕೆ ಈ ಕಾಲುಗುರು ಸ್ವಲ್ಪ ನೋಡ್ಬಿಡಿ" ಎಂದು ಚಪ್ಪಲಿ ಕಳಚುತ್ತಿದ್ದರು.

ಹೋದ ವಾರವೂ ಹಾಗೇ ಕರೆ ಬಂದಿತ್ತು. ಹೋಲ್ಡ್ ಗುಂಡಿ ಒತ್ತಿದ್ದೇನೆ ಎಂದುಕೊಂಡ ಗಿಳಿ ನರ್ಸಕ್ಕನ ಕಡೆ ತಿರುಗಿ, ಮಾವನ ದನಿಯಲ್ಲೇ, "ರೈಟ್ ರೈಟ್! ಕಾಲುಗುರಿಗೆ ಹಾರ್ಟ್ ಅಟ್ಯಾಕು, ಜಾಗ ಬಿಡ್ರೀ!" ಎಂದು ಕೂಗಿ ನಗಿಸಿದಳು. ತಿರುಗಿ ನೋಡಿದರೆ ಹೋಲ್ಡ್ ದೀಪ ಹತ್ತಿರಲಿಲ್ಲ.  ಆ ಕಡೆಯಿಂದ ಮೆಲ್ಲಗೆ ಫೋನಿಟ್ಟ ಸದ್ದು. ಇದನ್ನು ಗಿಳಿ ನರ್ಸಕ್ಕನಿಗೂ ಹೇಳಲಿಲ್ಲ. ಅಂದಿನಿಂದ ಮಾವನ ಕರೆಯೂ ಬರಲಿಲ್ಲ.

ಇಂದು ಬಂತು. ಬೆಳಗಿನ ಗಲಾಟೆ ಮುಗಿದು, ಸಮಯವೆಲ್ಲ ಖಾಲಿಯಾಗಿದ್ದ ಹೊತ್ತು.

"ತಾಯೀ... ನಾನು ಕಣಮ್ಮ. ಅರ್ಜೆಂಟೇನಿಲ್ಲ... ಯಾವಾಗ ಖಾಲಿ ಇದ್ಯೋ... ಆವಾಗ ಕೊಡು."

ಅಬ್ಬಾ, ಕೋಪವಿಲ್ಲ! ಗಿಳಿಯ ಎದೆಯ ಮೇಲಿದ್ದ ಕಲ್ಲು ಇಳಿಯಿತು. "ಗುರುವಾರ ಆಗುತ್ತಾ ಮಾವ?"

"ಗುರುವಾರ..." ಎಂದು ಅವರು ಸ್ವಲ್ಪ ತಡೆದರು. "ಆಯ್ತು... ನೋಡೋಣ."

ಫೋನಿಟ್ಟವಳೇ ಗಿಳಿ ಕುರ್ಚಿ ತಿರುಗಿಸಿದಳು. "ಅಕ್ಕ, ಕಂಡಕ್ಟರ್ ಮಾವ ಸಾಧು ಆಗ್ಬಿಟ್ರು! ಅರ್ಜೆಂಟಿಲ್ವಂತೆ!"

"ಸುಮ್ನಿರೇ. ಅವರು? ಹೇಗಂದ್ರು ಹೇಳು."

ಕೇಳಿದ ಮೇಲೆ ಆಡದಿದ್ದರೆ ಅವಳು ಗಿಳಿಯೇ ಅಲ್ಲ. ಕತ್ತು ತಗ್ಗಿಸಿ, ಆ ಮೆತ್ತನೆಯ ದನಿ ಹಿಡಿದಳು. ಸರಿಯಾಗಿ ಬರಬೇಕೆಂದರೆ ಎರಡು ಮಾತಿಗೊಮ್ಮೆ ನಿಲ್ಲಬೇಕಿತ್ತು, ನಿಂತಲ್ಲಿ ಎಂಜಲು ನುಂಗಬೇಕಿತ್ತು. ಕೊನೆಯಲ್ಲಿ ಬಾಯಿಂದ 'ಪುಸ್ಸ್' ಎಂಬ ಸದ್ದೂ ಸೇರಿಸಿದಳು. ಫೋನಿನಲ್ಲಿ ಅದೂ ಕೇಳಿಸಿತ್ತು.

ನರ್ಸಕ್ಕ ಕಿಸಕ್ಕನೆ ನಗುವಷ್ಟರಲ್ಲಿ ಒಳಗಿನ ಬಾಗಿಲು ದಡ್ಡನೆ ತೆರೆಯಿತು. ಡಾಕ್ಟರಮ್ಮ ಸ್ಟೆತಸ್ಕೋಪ್ ಹಿಡಿದೇ ಬಂದಿದ್ದರು. "ಯಾರವರು? ನಿಲ್ಲಿಸಬೇಡಿ, ಕೂರಿಸಿ! ಉಸಿರು ಸಾಲ್ತಿಲ್ಲ ಅವರಿಗೆ."

ಮೇಜಿನ ಮುಂದೆ ಯಾರೂ ಇರಲಿಲ್ಲ.

"ನಾನೇ ಡಾಕ್ಟ್ರೇ," ಗಿಳಿ ಎದ್ದು ನಿಂತಳು. "ಸುಮ್ನೆ... ತಮಾಷೆಗೆ. ಕಂಡಕ್ಟರ್ ಮಾವ ಫೋನ್ ಮಾಡಿದ್ರು."

ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿದಳು. ಬೈಗುಳ ಬರಲಿಲ್ಲ.

"ಇನ್ನೊಂದ್ಸಲ ಮಾಡು."

"ಡಾಕ್ಟ್ರೇ, ತಪ್ಪಾಯ್ತು..."

"ಮಾಡು ಅಂದೆ."

ಗಿಳಿ ಮಾಡಿದಳು. ಈ ಸಲ ಯಾರೂ ನಗಲಿಲ್ಲ. ಡಾಕ್ಟರಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಮಧ್ಯೆ ನಿಲ್ಲೋದು, ನುಂಗೋದು, ಇದೆಲ್ಲ ನೀನು ಸೇರಿಸಿದ್ದಾ?"

"ನಾನು ಏನೂ ಸೇರಿಸಲ್ಲ ಡಾಕ್ಟ್ರೇ. ಇದ್ದದ್ದೇ ಮಾಡೋದು."

"ಎದೆನೋವು ಅಂದ್ರಾ?"

"ಇಲ್ಲ." ಹೇಳುತ್ತಿದ್ದ ಹಾಗೇ ಗಿಳಿ ಹೋಲ್ಡ್ ಗುಂಡಿಯ ಕಡೆ ನೋಡಿದಳು. ಯಾವತ್ತೂ ಅನ್ನುತ್ತಿದ್ದವರು ಇವತ್ತು ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎನ್ನುವುದು ಈ ಮೂವರಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು.

"ವಾಪಸ್ ಫೋನ್ ಮಾಡು. ಈಗಲೇ ಆಂಬುಲೆನ್ಸ್ ಕಳಿಸಬೇಕು, ಎಲ್ಲಿದ್ದಾರೆ ಕೇಳು."

ಮೂರೂ ಲೈನಿನ ದೀಪ ಉರಿಯುತ್ತಿತ್ತು. ಯಾರದಾದರೂ ಕರೆ ಕತ್ತರಿಸದೆ ಹೊರಗೆ ಫೋನ್ ಮಾಡುವಂತಿರಲಿಲ್ಲ. ಒಂದನ್ನು ಎತ್ತಿದರೆ, "ಬೆಳಗ್ಗಿಂದ ಒತ್ತಿ ಒತ್ತಿ ಬೆರಳು ಸವೀತು ಕಣ್ರೀ, ಈಗಾದ್ರೂ..." ಎಂದು ಯಾರೋ ಶುರು ಮಾಡಿದರು. "ಕ್ಷಮಿಸಿ" ಎಂದು ಗಿಳಿ ಕತ್ತರಿಸಿದಳು. ಮಾವನ ನಂಬರು ಒತ್ತಿದಳು. ರಿಂಗಾಯಿತು. ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

"ಅಕ್ಕ, ನಿಮ್ಮ ಫೋನಿಂದ ಒತ್ತುತ್ತಾ ಇರಿ, ಬಿಡಬೇಡಿ" ಎಂದು ನಂಬರು ಕೊಟ್ಟು, ತಾನು ಅವರ ಮನೆಗೆ ಮಾಡಿದಳು. ಸೊಸೆ ಎತ್ತಿದಳು.

"ಮಾವನಾ? ನಿಮ್ಮಲ್ಲಿಗೇ ಅಂತ ಹೋದ್ರಲ್ಲ! ರಾತ್ರಿ ನಿದ್ದೆ ಬರ್ಲಿಲ್ಲ, ತೋರಿಸ್ಕೊಂಡು ಬರ್ತೀನಿ ಅಂದ್ರು. ಆಗ್ಲೇ ಬಂದಿರ್ಬೇಕಲ್ವಾ? ಯಾಕ್ರೀ, ಏನಾಯ್ತು?"

"ನೋಡ್ತೀನಿ, ಲೈನಲ್ಲೇ ಇರಿ." ಗಿಳಿ ರಿಸೀವರನ್ನು ಮೇಜಿನ ಮೇಲೆ ಹಾಕಿ ಕಾಯುವ ಕೋಣೆಗೆ ಓಡಿದಳು. ಕೆಮ್ಮುವ ಹೆಂಗಸು, ಕೈಗೆ ಪಟ್ಟಿ ಕಟ್ಟಿಕೊಂಡ ಬಡಗಿ, ತೂಕಡಿಸುವ ಅಜ್ಜಿ. ಮಾವ ಇಲ್ಲ. ಮೆಟ್ಟಿಲ ಮೇಲೂ ಇಲ್ಲ.

"ದಾರಿಯಲ್ಲೇ ಬಿದ್ದಿದ್ರೆ?" ಎಂದರು ನರ್ಸಕ್ಕ, ಫೋನ್ ಕಿವಿಗೆ ಒತ್ತಿಕೊಂಡೇ.

"ದಾರಿ ಎರಡಿವೆ," ಎಂದರು ಡಾಕ್ಟರಮ್ಮ. "ಯಾವ ಕಡೆ ಅಂತ ಹುಡುಕೋದು? ನೆನಪು ಮಾಡ್ಕೋ. ಹಿಂದೆ ಏನಾದ್ರೂ ಕೇಳಿಸ್ತಾ? ಅಂಗಡಿ, ಜನ, ಏನಾದ್ರೂ?"

ಗಿಳಿ ಕಣ್ಣು ಮುಚ್ಚಿದಳು. ಮಾವನ ಮಾತನ್ನು ಬಾಯೊಳಗೇ ಮೊದಲಿನಿಂದ ಆಡಿಕೊಂಡಳು. ಆವಾಗ ಕೊಡು. ಗುರುವಾರ. ನೋಡೋಣ. ಪುಸ್ಸ್.

ಪುಸ್ಸ್. ಬಸ್ಸಿನ ಬಾಗಿಲು ತೆರೆಯುವ ಸದ್ದು. ಅದನ್ನು ಅವಳು ಫೋನಿಟ್ಟುಕೊಂಡ ಕಿವಿಯಿಂದ ಕೇಳಿದ್ದಳು. ಇನ್ನೊಂದು ಕಿವಿಯಿಂದಲೂ ಕೇಳಿದ್ದಳು, ಅದೇ ಗಳಿಗೆಯಲ್ಲಿ, ಈ ಕಿಟಕಿಯಿಂದ.

ಕಿಟಕಿಯಾಚೆ, ರಸ್ತೆಯ ಆ ಬದಿಯ ಬಸ್ ಸ್ಟಾಪನ್ನು ಈಗ ಇನ್ನೊಂದು ಬಸ್ಸು ಪೂರ್ತಿ ಮರೆಮಾಡಿ ನಿಂತಿತ್ತು.

"ಎದುರಿಗೇ ಇದ್ದಾರೆ!" ಎಂದು ಗಿಳಿ ಹೊರಗೆ ಧುಮುಕಿದಳು. ಸ್ಕೂಟರಿನವನೊಬ್ಬ ಬ್ರೇಕ್ ಹಾಕಿ ಬೈದ. ಅವಳು ಕೈ ಅಡ್ಡ ಹಿಡಿದು ದಾಟಿದಳು. ಬಸ್ಸಿನ ಹಿಂಬದಿಯನ್ನು ಸುತ್ತಿ ಬರುವ ಮೊದಲೇ ರಿಂಗಿನ ಸದ್ದು ಕಿವಿಗೆ ಬಿತ್ತು.

ಮಾವ ಬೆಂಚಿನ ತುದಿಯಲ್ಲಿ ಕಂಬಕ್ಕೆ ತಲೆಯಾನಿಸಿ ಕೂತಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಅಂಗಿ ಬೆವರಿಗೆ ಅಂಟಿಕೊಂಡಿತ್ತು. ತೊಡೆಯ ಮೇಲೆ ಫೋನ್ ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು. ಬಸ್ಸು ಹತ್ತಲು ನಿಂತಿದ್ದವರು ಅದನ್ನೇ ನೋಡುತ್ತಿದ್ದರು, ಎತ್ತಬಾರದೇ ಈ ಮನುಷ್ಯ ಎಂಬಂತೆ.

"ಮಾವ! ಮಾವ, ಕೇಳಿಸ್ತಿದ್ಯಾ?"

ಕಣ್ಣು ಅರ್ಧ ತೆರೆಯಿತು. "ಗುರುವಾರ... ಆಗ್ಹೋಯ್ತಾ?"

ಡಾಕ್ಟರಮ್ಮ ಏದುಸಿರು ಬಿಡುತ್ತ ಬಂದು ನಾಡಿ ಹಿಡಿದರು. ಮುಖ ಬಿಗಿಯಿತು. ಒಂದು ಮಾತ್ರೆ ಬಾಯಿಗಿಟ್ಟು, "ಅಗೀರಿ. ನುಂಗಬೇಡಿ, ಅಗೀರಿ" ಎಂದರು. ರಸ್ತೆಯ ಆಚೆಯಿಂದ ನರ್ಸಕ್ಕ, ಆಂಬುಲೆನ್ಸ್ ಹೊರಟಿದೆ, ಸೊಸೆಗೂ ಹೇಳಿದೆ ಎಂದು ಕೂಗಿದರು.

ಗಿಳಿ ಮಾವನ ಬೆನ್ನಿಗೆ ತನ್ನ ಭುಜ ಕೊಟ್ಟು ಕೂತಳು. "ಇಲ್ಲೀವರೆಗೂ ಬಂದು ಒಳಗೆ ಯಾಕೆ ಬರ್ಲಿಲ್ಲ ಮಾವ?"

"ಬಂದಿದ್ದೆ ತಾಯಿ. ಬಾಗಿಲಲ್ಲಿ... ಬೋರ್ಡ್ ಓದಿದೆ. ಬೋರ್ಡ್ ನೋಡದೇ ಹತ್ತೋರನ್ನ... ಜೀವಮಾನವೆಲ್ಲ ಬೈದೋನು ನಾನು."

"ಎದೆನೋವು ಅಂತಾದ್ರೂ ಅನ್ಬಾರ್ದಿತ್ತಾ?"

"ಅದನ್ನ ಆಗ್ಲೇ..." ಮಾವ ಉಸಿರಿಗೆ ಕಾದರು. "ಕಾಲುಗುರಿಗೆ ಖರ್ಚು ಮಾಡ್ಬಿಟ್ಟಿದ್ದೆ."

"ಮಾತಾಡಿಸಬೇಡ" ಎಂದರು ಡಾಕ್ಟರಮ್ಮ.

ಆದರೆ ಮಾವನಿಗೆ ಇನ್ನೊಂದು ಮಾತು ಉಳಿದಿತ್ತು. "ಆವತ್ತು ನೀನು... ನನ್ನ ಹಾಗೆ ಕೂಗಿದ್ದು ಕೇಳಿಸ್ತು. ಪರವಾಗಿಲ್ಲ, ಚೆನ್ನಾಗೇ ಮಾಡ್ತೀಯ. ಆದ್ರೆ ರೈಟ್ ಅನ್ನೋದು... ಗಂಟಲಿಂದ ಅಲ್ಲಮ್ಮ. ಹೊಟ್ಟೆಯಿಂದ."

ಗಿಳಿ ಅವರ ಹಣೆಯ ಬೆವರು ಒರೆಸಿದಳು.

ಆಂಬುಲೆನ್ಸ್ ಬಂತು, ಸ್ಟ್ರೆಚರ್ ಇಳಿಯಿತು, ಏರಿತು. ಡಾಕ್ಟರಮ್ಮನೂ ಹತ್ತಿದರು. ಮುಂದೆ ಆಗಷ್ಟೇ ಬಂದು ನಿಂತಿದ್ದ ಬೇರೊಂದು ಬಸ್ಸಿಗೆ ಜನ ಹತ್ತುತ್ತಿದ್ದರು, ಹಿಂದೆ ಒಂದು ಲಾರಿ. ಆಂಬುಲೆನ್ಸ್ ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸೋತ. ಗಿಳಿ ರಸ್ತೆಯ ನಡುವೆ ಹೋಗಿ ನಿಂತು, ಬಸ್ಸಿನ ಮೈಮೇಲೆ ಅಂಗೈಯಿಂದ ಎರಡು ಸಲ ಬಡಿದು, ಹೊಟ್ಟೆಯ ತಳದಿಂದ ಕೂಗಿದಳು: "ರೈಟ್! ರೈಟ್!"

ಬಸ್ಸು ಕೂಡಲೇ ಹೊರಟುಬಿಟ್ಟಿತು. ಆಂಬುಲೆನ್ಸಿಗೆ ದಾರಿಯಾಯಿತು.

ವಾಪಸ್ ಬಂದಾಗ ಕ್ಲಿನಿಕ್ಕಿನ ಬಾಗಿಲಲ್ಲಿ, ಮಗುವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸೊಬ್ಬಳು ಬೋರ್ಡು ಓದುತ್ತ ನಿಂತಿದ್ದಳು. "ಫೋನ್ ಮಾಡ್ಬೇಕಂತಲ್ಲಾ ಇಲ್ಲಿ?" ಗಿಳಿ ಬೋರ್ಡಿಗೆ ಕೈ ಹಾಕಿ ಎಳೆದಳು. ಒಂದು ಮೊಳೆ ಬಂತು, ಇನ್ನೊಂದು ಬರಲಿಲ್ಲ. ಬೋರ್ಡು ತಲೆಕೆಳಗಾಗಿ ನೇತಾಡಿತು. "ಎದುರಿಗೇ ಇದ್ದೀರಲ್ಲ. ಬನ್ನಿ ಒಳಗೆ. ಮಗುಗೆ ಏನಾಗಿದೆ ಹೇಳಿ."

ಮಧ್ಯಾಹ್ನದ ಊಟದ ಡಬ್ಬಿಯನ್ನು ಅವಳು ತೆರೆಯಲೇ ಇಲ್ಲ. ಫೋನ್ ಬಡಿದುಕೊಂಡಾಗಲೆಲ್ಲ ಮೊದಲ ರಿಂಗಿಗೇ ಎತ್ತುತ್ತಿದ್ದಳು. ಕೊನೆಗೆ ಸೊಸೆಯ ದನಿ ಬಂತು, ಅತ್ತು ಅತ್ತು ಗೊಗ್ಗರಾದ ದನಿ.

"ಕಣ್ಣು ಬಿಟ್ರು ಕಣ್ರೀ. ಗಂಡಾಂತರ ಕಳೀತು ಅಂದ್ರು ಡಾಕ್ಟ್ರು. ಮಾವ ಒಂದು ಮಾತು ಹೇಳು ಅಂತಿದ್ದಾರೆ. ಅವರಿಗೆ ಕೊಟ್ಟಿದ್ದ ಗುರುವಾರದ ಸೀಟು ಖಾಲಿ ಇದ್ಯಂತೆ, ಬೇರೆ ಯಾರಿಗಾದ್ರೂ ಕೊಟ್ಬಿಡ್ಬೇಕಂತೆ."

"ಏನಂದ್ರೇ? ಹೇಗಂದ್ರು? ಮಾಡಿ ತೋರಿಸೇ" ಎಂದು ನರ್ಸಕ್ಕ ಓಡಿಬಂದರು.

ಗಿಳಿ ತಲೆಯಾಡಿಸಿ, ಕಣ್ಣೊರೆಸಿಕೊಂಡು, ಉರಿಯುತ್ತಿದ್ದ ಮುಂದಿನ ಲೈನ್ ಎತ್ತಿದಳು. ಆ ಕಡೆ ಯಾರೋ ಗಂಡಸು, ಎದೆನೋವು ಎಂದು ಗಟ್ಟಿಯಾಗಿ ಕೂಗಿದ. ಅವಳು ನಗಲಿಲ್ಲ. ಪೂರ್ತಿ ಕೇಳಿಸಿಕೊಂಡಳು, ಮಾತನ್ನೂ, ಮಾತಿನ ನಡುವಿನದನ್ನೂ. ಆಮೇಲೆ ಮೆಲ್ಲಗೆ ಕೇಳಿದಳು: "ನಿಜವಾಗಿ ಎಲ್ಲಿ ನೋವು ಹೇಳಿ ಅಣ್ಣ. ಎಲ್ಲಿದ್ರೂ ಸೀಟು ಕೊಡ್ತೀನಿ."