ಕೈ ಕಟ್ಟಿ ನಿಲ್ಲುವ ಕೆಲಸ

ವರ್ಷಗಟ್ಟಲೆ ಆಂಬುಲೆನ್ಸಿನಲ್ಲಿ ದುಡಿದವಳಿಗೆ ಕೈ ಕಟ್ಟಿ ನಿಲ್ಲುವುದನ್ನು ಕಲಿಸುತ್ತೇನೆಂದರೆ ಸಿಟ್ಟು ಬರುವುದಿಲ್ಲವೇ? ನನಗಂತೂ ಮೈಯೆಲ್ಲ ಉರಿದುಹೋಯಿತು.

ತರಬೇತಿ ನಡೆಯುತ್ತಿದ್ದದ್ದು ಆಸ್ಪತ್ರೆಯ ಹಿಂದಿನ ಖಾಲಿ ಗ್ಯಾರೇಜಿನಲ್ಲಿ. ಅಪಘಾತದ ಗಾಯಾಳುವನ್ನು ತಂಡವಾಗಿ ನೋಡಿಕೊಳ್ಳುವುದು ಹೇಗೆಂಬುದು ಪಾಠ. ನಮ್ಮದು ಮೂವರ ತಂಡ: ನಾನು, ನಮ್ಮ ಡ್ರೈವರ್, ಹೊಸದಾಗಿ ಸೇರಿದ ನರ್ಸ್. ಪಾಸಾದರೆ ನಾನೇ ಗಾಡಿಯ ಲೀಡರ್. ಆ ಹುದ್ದೆಯ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಕಲಿಸಲು ಬಂದ ಡಾಕ್ಟರದ್ದು ಒಂದೇ ಹಟ. ಲೀಡರ್ ಸ್ಟ್ರೆಚರಿನ ಕಾಲುಗಡೆ ನಿಲ್ಲಬೇಕು, ರೋಗಿಯನ್ನು ಮುಟ್ಟಕೂಡದು. ನೋಡಬೇಕು, ಹೇಳಬೇಕು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಿ, ಮುಗಿದ ಮೇಲೆ ‘ಆಯ್ತು’ ಅನ್ನಬೇಕು.

ಬೆಳಗಿನ ಸರದಿಯಲ್ಲೇ ಎಡವಿದೆ. ಗಾಯಾಳುವಾಗಿ ಮಲಗಿದ್ದವನು ಆಸ್ಪತ್ರೆಯ ವಾಚ್‌ಮನ್. ಕಾಲು ಮುರಿದಿದೆ ಎಂದು ಡಾಕ್ಟರು ಅಂದದ್ದೇ ತಡ, ಡ್ರೈವರನ ಕೈಯಿಂದ ಪಟ್ಟಿ ಕಿತ್ತುಕೊಂಡು ನಾನೇ ಕಟ್ಟಲು ಕೂತೆ. ಅತ್ತ ತೋಳಿನ ಗಾಯದಿಂದ ಹರಿಯುವ ರಕ್ತವನ್ನು ನರ್ಸ್ ಒತ್ತಿ ಹಿಡಿದಿದ್ದಾಳೆಂದು ಡ್ರೈವರ್, ಡ್ರೈವರ್ ಹಿಡಿದಿದ್ದಾನೆಂದು ನರ್ಸ್ ಅಂದುಕೊಂಡು, ಯಾರೂ ಹಿಡಿದಿರಲಿಲ್ಲ. ಡಾಕ್ಟರು ನೆಲಕ್ಕೆ ಒಂದು ಚೊಂಬು ಕೆಂಪು ನೀರು ಸುರಿದು, “ಇವರು ಹೋದರು,” ಎಂದರು.

ಸತ್ತವನು ಎದ್ದು ಕೂತ. “ಕಾಲು ಮಾತ್ರ ಚೆನ್ನಾಗಿ ಕಟ್ಟಿದೀರ ಮೇಡಂ.”

“ಮಧ್ಯಾಹ್ನ ಇನ್ನೊಂದು ಸಲ ನೋಡೋಣ,” ಎಂದರು ಡಾಕ್ಟರು. “ಆಗಲೂ ಕೈ ಹಾಕಿದ್ರೆ ಬೇರೆಯವರನ್ನ ಲೀಡರ್ ಮಾಡ್ತೀನಿ.”

ಮಧ್ಯಾಹ್ನದ ಗಾಯಾಳು ಯಾರೆಂದುಕೊಂಡಿರಿ? ನಮ್ಮತ್ತೆ. ನನಗೆ ಊಟದ ಡಬ್ಬಿ ಕೊಡಲು ಬಂದವರು, ಡಾಕ್ಟರು ಕೇಳಿದ ಕೂಡಲೇ ಒಪ್ಪಿ ಮಲಗಿಬಿಟ್ಟಿದ್ದರು. ಹಣೆಗೂ ತೊಡೆಗೂ ಕೆಂಪು ಬಣ್ಣ. ಬಾಯಿಗೆ ಮಾತ್ರ ಎಂದಿನಂತೆ ಬಿಡುವಿಲ್ಲ.

“ಸೊಸೆ ಅನ್ನಿಸಿಕೊಂಡೋಳು ದೂರ ನಿಂತು ನೋಡ್ತಿದಾಳಲ್ಲಪ್ಪ,” ಎಂದು ಡ್ರೈವರನಿಗೆ ದೂರು ಕೊಟ್ಟರು.

ನಾನು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. “ತೊಡೆಯ ಗಾಯ ಒತ್ತಿ ಹಿಡಿಯಪ್ಪ,” ಎಂದೆ.

“ತೊಡೆ ಒತ್ತಿ ಹಿಡೀತೀನಿ ಅಕ್ಕ.” ಡ್ರೈವರ್ ಬಲವಾಗಿ ಒತ್ತಿದ. “ಆಯ್ತು.”

“ಮೆಲ್ಲಗೆ ಕಣಯ್ಯ, ಕಾಲು ಅದು, ಟೈರಲ್ಲ,” ಎಂದರು ಅತ್ತೆ.

ನರ್ಸಿಗೆ ಬಿಪಿ ನೋಡಲು ಹೇಳಿದೆ. ಅವಳೂ ತಿರುಗಿ ಹೇಳಿ ತೋಳಿಗೆ ಬಿಪಿ ಪಟ್ಟಿ ಸುತ್ತತೊಡಗಿದಳು. ಸಡಿಲವಾಗಿ ಸುತ್ತುತ್ತಿದ್ದಳು. ನಾನೇ ಬಿಗಿಯಲು ಬೆರಳುಗಳು ತವಕಿಸಿದವು. ಹಲ್ಲು ಕಚ್ಚಿ, “ಇನ್ನೂ ಸ್ವಲ್ಪ ಬಿಗಿಯಮ್ಮ,” ಎಂದಷ್ಟೇ ಹೇಳಿದೆ.

ಆಗ ಏನೋ ಸರಿಯಿಲ್ಲವೆನಿಸಿತು. ಗ್ಯಾರೇಜಿನ ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಇಷ್ಟು ಹೊತ್ತು ಕೇಳಿಸಿರಲಿಲ್ಲ. ಅತ್ತೆ ಸುಮ್ಮನಾಗಿದ್ದರು. ಡ್ರೈವರ್ ತೊಡೆಯ ಮೇಲೆ ಬಗ್ಗಿದ್ದ, ನರ್ಸಿನ ಕಣ್ಣು ಬಿಪಿ ಯಂತ್ರದ ಮೇಲಿತ್ತು, ಇಬ್ಬರಿಗೂ ಗೊತ್ತಾಗಿರಲಿಲ್ಲ. ಕಾಲುಗಡೆ ನಿಂತ ನನಗೆ ಮುಖ ಪೂರ್ತಿ ಕಾಣುತ್ತಿತ್ತು. ಕಣ್ಣು ಮುಚ್ಚಿತ್ತು, ಬಾಯಿ ಅರೆ ತೆರೆದಿತ್ತು.

ನಾಟಕವೆಂದು ಗೊತ್ತು. ಆದರೂ ಜೀವ ಬಾಯಿಗೆ ಬಂತು. ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತೆ.

“ರೋಗಿ ಮಾತು ನಿಲ್ಲಿಸಿದಾರೆ. ಬಿಪಿ ಬಿಟ್ಟು ಉಸಿರು ನೋಡಮ್ಮ. ನೀನು ಒತ್ತಿದ ಕೈ ತೆಗೀಬೇಡಪ್ಪ.”

“ಉಸಿರು ನೋಡ್ತೀನಿ.” ನರ್ಸ್ ತಲೆಯ ಬಳಿಗೆ ಓಡಿ, ಗದ್ದ ಎತ್ತಿ, ಆಕ್ಸಿಜನ್ ಮಾಸ್ಕ್ ಇಟ್ಟಳು. “ಈಗ ಗಾಳಿ ಹೋಗ್ತಿದೆ ಅಕ್ಕ. ಆಯ್ತು.”

“ಕೈ ತೆಗೆಯಲ್ಲ ಅಕ್ಕ,” ಎಂದ ಡ್ರೈವರ್.

ಡಾಕ್ಟರು ನಕ್ಕರು. “ಮಾತು ನಿಲ್ಲಿಸಿ ಅಂತ ನಾನೇ ಸನ್ನೆ ಮಾಡಿದ್ದು. ಸುಮಾರು ಜನ ಇಲ್ಲೇ ತಪ್ಪೋದು. ಗಾಡಿಗೆ ನೀವೇ ಲೀಡರ್.”

ಅತ್ತೆ ಮಾಸ್ಕ್ ಸರಿಸಿ ಒಂದು ಕಣ್ಣು ತೆರೆದರು. “ಬದುಕಿದೀನೇನೇ?”

“ಬದುಕಿದೀರ ಅತ್ತೆ.”

ಲೀಡರ್ ಆದದ್ದಕ್ಕೆ ಸಂತೋಷವೇ. ಆದರೆ ಆ ದನಿ ಮತ್ತೆ ಕೇಳಿದಾಗ ಆದ ಸಂತೋಷದ ಮುಂದೆ ಅದು ಏನೂ ಅಲ್ಲ. ಮುಟ್ಟಬಹುದೇ ಎಂದು ಡಾಕ್ಟರನ್ನು ಕೇಳಲಿಲ್ಲ. ಹತ್ತಿರ ಹೋಗಿ ಅತ್ತೆಯ ಹಣೆಯ ಬಣ್ಣವನ್ನು ನನ್ನ ಕೈಯಾರೆ ಒರೆಸಿದೆ.